ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ: ಒಬ್ಬರ ಹುಚ್ಚಿನ ಮೂರು ಅಂತಸ್ತು

ಊರಿನಿಂದ ನೆಂಟರು ಬಂದರೆ ಪುಣೆಯ ನಮ್ಮ ಕನ್ನಡ ಕುಟುಂಬಗಳು ಶನಿವಾರವಾಡಾ, ದಗಡೂಶೇಠ್ ಗಣಪತಿ ತೋರಿಸಿ ಕರ್ತವ್ಯ ಮುಗಿಸುವುದೇ ಹೆಚ್ಚು. ಅಲ್ಲಿಂದ ದೂರವೇನಿಲ್ಲದ ಬಾಜೀರಾವ್ ರಸ್ತೆಯ ಈ ವಸ್ತುಸಂಗ್ರಹಾಲಯ ಆ ಪಟ್ಟಿಯಲ್ಲಿ ಸೇರುವುದು ಅಪರೂಪ. ಮನುಷ್ಯ ಏಕೆ ವಸ್ತುಗಳನ್ನು ಕೂಡಿಡುತ್ತಾನೆಂಬ ಕುತೂಹಲವಿರುವವರು ಮೊದಲು ನೋಡಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ದಿನಕರ ಗಂಗಾಧರ ಕೇಳ್ಕರ್ (1896–1990) ರಾಜಮನೆತನದವರಲ್ಲ. ಅವರ ಕುಟುಂಬಕ್ಕೆ ಕನ್ನಡಕದ ವ್ಯಾಪಾರವಿತ್ತು, ಅವರು 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದರು. 'ರಾಜಾ' ಎಂಬುದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರ ಮಗನ ಹೆಸರು. 1920ರ ಸುಮಾರಿಗೆ ಆರಂಭವಾದ ಸಂಗ್ರಹ, ಪತ್ನಿ ಕಮಲಾಬಾಯಿಯವರ ಒತ್ತಾಸೆಯೊಂದಿಗೆ ಬೆಳೆದು ಇಪ್ಪತ್ತು ಸಾವಿರ ವಸ್ತುಗಳನ್ನು ದಾಟಿತು. ಪುತ್ರಶೋಕದಿಂದ ಸಂಗ್ರಹಕ್ಕೆ ಹೆಸರು ಬಂದಿತೆಂಬುದು ಸರಿ. ಆದರೆ ಇಷ್ಟೊಂದು ಅಡಕತ್ತರಿಗಳೇಕೆ ಎಂಬ ಪ್ರಶ್ನೆಗೆ ಶೋಕವೊಂದೇ ಉತ್ತರವಾಗಲಾರದು.

ಆ ಅಡಕತ್ತರಿಗಳ ಮುಂದೆ ಸಾವಕಾಶವಾಗಿ ನಿಲ್ಲಬೇಕು. ಅಲಗಿನ ಕೆಲಸ ಎಲ್ಲದರಲ್ಲೂ ಒಂದೇ, ಅಡಿಕೆ ಕತ್ತರಿಸುವುದು; ಹಿಡಿಯ ಮೇಲೆ ಮಾತ್ರ ಒಂದೆಡೆ ಹಕ್ಕಿ, ಇನ್ನೊಂದೆಡೆ ಕುದುರೆ, ಮತ್ತೊಂದೆಡೆ ದಂಪತಿ. ಒಂದೇ ಇದ್ದರೆ ಅದು ಎಲೆಅಡಿಕೆ ತಟ್ಟೆಯ ಸಾಮಾನು. ಸಾಲಾಗಿ ಇಟ್ಟಾಗ ಕಣ್ಣು ತಾನಾಗಿ ಹೋಲಿಸತೊಡಗುತ್ತದೆ, ಮುಂದಿನದು ಹೇಗಿರಬಹುದೆಂದು ಆಸೆಪಡುತ್ತದೆ. ಸಂಗ್ರಾಹಕನ ಚಟ ನೋಡುಗನಿಗೂ ಅಂಟುವುದು ಇಲ್ಲಿಯೇ.

ಈ ತುಡಿತ ಎಷ್ಟು ಹಳೆಯದೆಂಬುದಕ್ಕೆ ಕುರುಹು ದಕ್ಷಿಣ ಆಫ್ರಿಕದಲ್ಲಿದೆ. ಕಲಹಾರಿ ಪ್ರದೇಶದ ಗಾ-ಮೊಹಾನಾ ಬೆಟ್ಟದ ಕಲ್ಲಾಸರೆಯೊಂದರಲ್ಲಿ, ಸುಮಾರು 1,05,000 ವರ್ಷ ಹಳೆಯ ಪದರದಲ್ಲಿ 22 ಕ್ಯಾಲ್ಸೈಟ್ ಹರಳುಗಳು ದೊರೆತ ಸಂಗತಿ 2021ರಲ್ಲಿ ಪ್ರಕಟವಾಯಿತು. ಯಾವ ಉಪಯೋಗಕ್ಕೂ ಬಳಸಿದಂತೆ ಕಾಣದ ಅವನ್ನು ಯಾರೋ ಆಯ್ದು ತಂದಿದ್ದರು. ಅಮೆರಿಕದ ಅಯೋವಾದಲ್ಲಿ ಮಿದುಳಿಗೆ ಹಾನಿಯಾಗಿದ್ದ 86 ಜನರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ಜನರಿಗೆ ಪ್ರಯೋಜನವಿಲ್ಲದ ವಸ್ತುಗಳನ್ನು ಗುಡ್ಡೆಹಾಕುವ ಗೀಳು ಕಂಡಿತ್ತು. ಕೂಡಿಡುವ ಆಸೆ ಮಿದುಳಿನ ಆಳದ್ದು, ಅದಕ್ಕೆ ಕಡಿವಾಣ ಹಾಕುವುದು ಮಿದುಳಿನ ಮುಂಭಾಗದ ಒಳಮಗ್ಗುಲು ಎಂದು ಸಂಶೋಧಕರು ವಾದಿಸಿದರು.

ಕೇಳ್ಕರ್ ಅವರಲ್ಲಿ ಆ ಆಸೆಯೂ ಕಡಿವಾಣವೂ ಒಟ್ಟಿಗೇ ಇದ್ದವೆಂದು ನನಗನ್ನಿಸುತ್ತದೆ. ಆರಿಸಿದರು, ವಿಂಗಡಿಸಿದರು, 1975ರಲ್ಲಿ ಇಡೀ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿಯೂ ಬಿಟ್ಟರು. ಗೀಳು ಹಿಡಿದವರಿಗೆ ಆಗದ ಕೆಲಸವೆಂದರೆ ಈ ಕೊನೆಯದು.

ಕೋಥರೂಡಿನಿಂದ ತಂದು ಮರುಜೋಡಿಸಿದ, ಪೇಶ್ವೆ ಬಾಜೀರಾಯನ ಪತ್ನಿ ಮಸ್ತಾನಿಯ ಮಹಲು ಜನರಿಗೆ ಪ್ರಿಯ. ನನಗೆ ಅಷ್ಟು ಹಿಡಿಸಲಿಲ್ಲ, ಅದು ದರ್ಬಾರಿನ ಲೋಕ. ದೀಪಗಳು, ತಂತಿವಾದ್ಯಗಳು, ಅಡುಗೆಮನೆಯ ಹಿತ್ತಾಳೆ ಸಾಮಾನುಗಳಿಗೆ ಹೆಚ್ಚು ಸಮಯವಿಡಿ. ಪ್ರದರ್ಶನದಲ್ಲಿರುವುದು ಸುಮಾರು 2,500 ವಸ್ತುಗಳು ಮಾತ್ರವಾದರೂ ಒಂದು ಮಧ್ಯಾಹ್ನಕ್ಕೆ ಅವೇ ಮಿಕ್ಕುತ್ತವೆ. ಸಾಧ್ಯವಾದರೆ ಮನೆಯ ಅಜ್ಜಿಯನ್ನೋ ಅತ್ತೆಯನ್ನೋ ಕರೆದೊಯ್ಯಿರಿ; ಯಾವ ಪಾತ್ರೆಯನ್ನು ಯಾವುದಕ್ಕೆ ಬಳಸುತ್ತಿದ್ದರೆಂದು ಅವರು ಹೇಳುತ್ತ ಹೋದರೆ ಬೇರೆ ಮಾರ್ಗದರ್ಶಕರ ಅಗತ್ಯವಿರುವುದಿಲ್ಲ.