ಮನೆ ರೆಕಾರ್ಡಿಂಗ್‌ನ ಏಳು ವರ್ಷ: ನಾಲ್ಕು ಸಾಫ್ಟ್‌ವೇರ್, ಮೂರು ಇಂಟರ್‌ಫೇಸ್, ಒಂದು ಕೇಬಲ್

ನಾನು ನುಡಿಸಿದ ಎರಡನೇ ಗಿಟಾರ್ ಯಾವಾಗಲೂ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಇಂಥಲ್ಲೇ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಆದರೆ ಹಾಡು ಎಳೆದ ಹಾಗೆ ಕೇಳಿಸುತ್ತಿತ್ತು. ನನ್ನ ಲಯವೇ ಸರಿಯಿಲ್ಲ ಅಂದುಕೊಂಡು ಎಂಟು ತಿಂಗಳು ದಿನಾ ಮೆಟ್ರೊನೋಮ್ ಹಾಕಿಕೊಂಡು ಅಭ್ಯಾಸ ಮಾಡಿದೆ. ಕೊನೆಗೆ ನೋಡಿದರೆ ತಪ್ಪು ಕೈಯದ್ದಲ್ಲ, ಮೈಕ್, ಗಿಟಾರ್‌ಗಳನ್ನು ಕಂಪ್ಯೂಟರ್‌ಗೆ ಸೇರಿಸುವ ಡಬ್ಬಿಯ, ಅಂದರೆ ಇಂಟರ್‌ಫೇಸಿನ, ಡ್ರೈವರಿನದ್ದು (ಆ ಡಬ್ಬಿ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳಲು ಬೇಕಾದ ಸಾಫ್ಟ್‌ವೇರ್). ಅದು ಗೊತ್ತಾಗಿದ್ದು ಒಂದು ಸಾಧಾರಣ ಕೇಬಲ್‌ನಿಂದ. ಆ ಕೇಬಲ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮಾಡುವ ಕೆಲಸ ಇಷ್ಟು: ನನ್ನ ದನಿ, ಅಕೂಸ್ಟಿಕ್ ಗಿಟಾರ್, ಸ್ವಲ್ಪ ಕೀಬೋರ್ಡ್. ಒಂದರ ಮೇಲೆ ಒಂದು ಟ್ರ್ಯಾಕ್ ಹಾಕುತ್ತಾ ಹೋಗುತ್ತೇನೆ. ಹಾಗಾಗಿ ಈ ವಿಮರ್ಶೆಯೂ ಆ ಕಡೆಯಿಂದಲೇ ಬಂದದ್ದು. ಪೂರ್ತಿ ಕಂಪ್ಯೂಟರ್‌ನಲ್ಲೇ ಬೀಟ್ ಕಟ್ಟುವವರಿಗೆ ಬೇಕಾಗುವುದು ಬೇರೆ. ನಾನು ಬಳಸಿದ್ದು ಅಡಾಸಿಟಿ, ಗ್ಯಾರೇಜ್‌ಬ್ಯಾಂಡ್, ಏಬಲ್‌ಟನ್ ಲೈವ್‌ನ ಲೈಟ್ ಆವೃತ್ತಿ ಮತ್ತು ರೀಪರ್. ಮನೆಯಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್, ಒಂದು ಮ್ಯಾಕ್ ಇವೆ. ಎರಡರಲ್ಲೂ ಕೆಲಸ ಮಾಡಿದ್ದೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಯಾವ ಸಾಫ್ಟ್‌ವೇರ್‌ನ ಸೌಂಡ್ ಚೆನ್ನಾಗಿದೆ? ಇದಕ್ಕೆ ಉತ್ತರ ಸಿಗಲಿ ಅಂತ ಒಂದು ಭಾನುವಾರ ಪೂರ್ತಿ ಕೂತೆ. ಒಂದೇ ಹಾಡಿನ ಆರು ಟ್ರ್ಯಾಕ್‌ಗಳನ್ನು ಲೈವ್‌ನಲ್ಲೂ ರೀಪರ್‌ನಲ್ಲೂ ಹಾಕಿದೆ. ಒಂದೇ ಮಟ್ಟ, ಎಫೆಕ್ಟ್ ಏನೂ ಇಲ್ಲ. ಎರಡರಿಂದಲೂ ಫೈಲ್ ತೆಗೆದು, ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಸೇರಿಸಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿ ಪೂರ್ತಿ ಮೌನ ಬರಬೇಕು. ಬರಲಿಲ್ಲ! ಹುಡುಕುತ್ತಾ ಹೋದಾಗ ಎರಡು ಕಾರಣ ಸಿಕ್ಕವು. ಉದ್ದದ ಆಡಿಯೋ ಹಾಕಿದರೆ ನನ್ನ ಲೈವ್ ತಾನಾಗಿಯೇ ಅದನ್ನು ಟೆಂಪೋಗೆ (ಹಾಡಿನ ವೇಗಕ್ಕೆ) ಹಿಗ್ಗಿಸಿ ಕುಗ್ಗಿಸುತ್ತಿತ್ತು. ಅದಕ್ಕೆ ವಾರ್ಪ್ ಅನ್ನುತ್ತಾರೆ, ಅದನ್ನು ಆಫ್ ಮಾಡಬೇಕು. ಇನ್ನೊಂದು ಪ್ಯಾನ್. ಟ್ರ್ಯಾಕನ್ನು ಎಡಕ್ಕೋ ಬಲಕ್ಕೋ ಸರಿಸಿದಾಗ ಮಟ್ಟ ಎಷ್ಟು ಬದಲಾಗಬೇಕು ಅನ್ನುವ ಲೆಕ್ಕ ಎಲ್ಲ ಸಾಫ್ಟ್‌ವೇರ್‌ನಲ್ಲೂ ಒಂದೇ ಥರ ಇಲ್ಲ. ವಾರ್ಪ್ ಆಫ್ ಮಾಡಿ, ಎಲ್ಲ ಟ್ರ್ಯಾಕನ್ನೂ ನಡುವಿಗೆ ತಂದಾಗ ಮೌನ ಬಂತು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಇದರಲ್ಲಿ ಬೆಚ್ಚಗೆ ಕೇಳಿಸುತ್ತದೆ, ಅದರಲ್ಲಿ ತೆಳ್ಳಗೆ ಕೇಳಿಸುತ್ತದೆ ಅನ್ನುವ ಮಾತಿಗೆ ಬಹಳ ಸಲ ಈ ಪ್ಯಾನ್ ಲೆಕ್ಕವೇ ಕಾರಣ.

ಹಾಗಾದರೆ ಯಾವುದರ ಮೇಲೆ ಆರಿಸಬೇಕು? ನನ್ನ ಮಟ್ಟಿಗೆ ಎರಡೇ ಅಳತೆ. ನಾನು ಯಾವ ಕ್ಷಣದಲ್ಲಿ ತಂತಿ ಮೀಟಿದೆನೋ ಟ್ರ್ಯಾಕ್‌ನಲ್ಲಿ ಅದೇ ಕ್ಷಣದಲ್ಲಿ ಬೀಳುತ್ತದಾ? ಹಾಡುವಾಗ ಹೆಡ್‌ಫೋನ್‌ನಲ್ಲಿ ನನ್ನ ದನಿ ತಡವಾಗಿ ಬಂದು ಕಾಡುತ್ತದಾ? ಇವೆರಡು ಸರಿಯಾದರೆ ಮಿಕ್ಕಿದ್ದೆಲ್ಲ ಕಲಿಯಬಹುದು.

ಸ್ವಲ್ಪ ಲೆಕ್ಕ ನೋಡೋಣ. ಕಂಪ್ಯೂಟರ್ ಶಬ್ದವನ್ನು ಒಂದೊಂದೇ ಹನಿಯಾಗಿ ಅಲ್ಲ, ಬೊಗಸೆ ಬೊಗಸೆಯಾಗಿ ತೆಗೆದುಕೊಳ್ಳುತ್ತದೆ. ಆ ಬೊಗಸೆಯೇ ಬಫರ್. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಹನಿ (ಸ್ಯಾಂಪಲ್) ತೆಗೆದುಕೊಳ್ಳುವಾಗ, 128 ಸ್ಯಾಂಪಲ್‌ನ ಬಫರ್ ಎಂದರೆ 2.9 ಮಿಲಿಸೆಕೆಂಡ್. 1024 ಇಟ್ಟರೆ 23 ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ 128ರಲ್ಲಿ ಒಂದು ಬಫರ್‌ನ ತಡ, ನಿಮ್ಮ ಸ್ಪೀಕರ್ ಒಂದು ಮೀಟರ್ ದೂರ ಹೋದಂತೆ. ಆದರೆ ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು. ಅದರ ಮೇಲೆ ಯುಎಸ್‌ಬಿ ಮತ್ತು ಕನ್ವರ್ಟರ್‌ಗಳ (ಶಬ್ದವನ್ನು ಅಂಕಿಗಳಾಗಿ, ಅಂಕಿಗಳನ್ನು ಶಬ್ದವಾಗಿ ಬದಲಿಸುವ ಭಾಗಗಳ) ತಡ ಬೇರೆ. ಹಾಗಾಗಿ ಹೋಗಿ ಬರುವ ಒಟ್ಟು ತಡ, ಅಂದರೆ ಲೇಟೆನ್ಸಿ, ಯಾವಾಗಲೂ ಜಾಸ್ತಿಯೇ ಇರುತ್ತದೆ. ಬಫರ್ ತೀರಾ ಚಿಕ್ಕದು ಮಾಡಿದರೆ ಕಂಪ್ಯೂಟರ್‌ಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ, ಪಟ ಪಟ ಅಂತ ಸದ್ದು ಬರುತ್ತದೆ. ನಾನು ಹಾಡುವಾಗ 128, ಮಿಕ್ಸ್ ಮಾಡುವಾಗ 1024 ಇಡುತ್ತೇನೆ.

ಈಗ ಆ ಕೇಬಲ್. ಹಳೆಯ ಟ್ರ್ಯಾಕ್ ಕೇಳುತ್ತಾ ಹೊಸದನ್ನು ನುಡಿಸುವಾಗ ಈ ತಡವನ್ನೆಲ್ಲ ಕಳೆದು, ಹೊಸ ಟ್ರ್ಯಾಕನ್ನು ಹಿಂದಕ್ಕೆ ಎಳೆದು ಕೂರಿಸುವುದು ಸಾಫ್ಟ್‌ವೇರ್‌ನ ಕೆಲಸ. ಎಷ್ಟು ಎಳೆಯಬೇಕು ಅಂತ ಹೇಳುವುದು ಡ್ರೈವರ್. ನನ್ನ ಮೊದಲ ಇಂಟರ್‌ಫೇಸಿನ ಡ್ರೈವರ್ ತಪ್ಪು ಲೆಕ್ಕ ಹೇಳುತ್ತಿತ್ತು. ಅದು ಯಾವ ಕಂಪನಿಯದು ಅಂತ ಇಲ್ಲಿ ಬೇಡ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಕೇಬಲ್ ಹಾಕಿ, ಒಂದು ಕ್ಲಿಕ್ ಟ್ರ್ಯಾಕ್ ನುಡಿಸಿ, ಅದನ್ನೇ ಇನ್ನೊಂದು ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿದೆ. ಜೂಮ್ ಮಾಡಿ ನೋಡಿದರೆ ಎರಡೂ ಕ್ಲಿಕ್ ಒಂದರ ಕೆಳಗೊಂದು ಸರಿಯಾಗಿ ನಿಲ್ಲಬೇಕು. ನನ್ನದು 480 ಸ್ಯಾಂಪಲ್ ತಡ ಇತ್ತು. ಹತ್ತಿರ ಹತ್ತಿರ 11 ಮಿಲಿಸೆಕೆಂಡ್. ಒಂದು ಟ್ರ್ಯಾಕ್‌ನಲ್ಲಿ ಇಷ್ಟು ತಡ ಗೊತ್ತಾಗದೇ ಹೋಗಬಹುದು. ಆದರೆ ಎರಡನೆಯದನ್ನು ಕೇಳಿಕೊಂಡು ಮೂರನೆಯದು, ಮೂರನೆಯದನ್ನು ಕೇಳಿಕೊಂಡು ನಾಲ್ಕನೆಯದು ಅಂತ ಹಾಡಿದರೆ 11, 22, 33 ಅಂತ ಏರುತ್ತಾ ಹೋಗುತ್ತದೆ. ನಾನು ಹಾಡಿದ್ದೂ ಹಾಗೆಯೇ. ಆ ದಿನ ಸಿಟ್ಟೂ ಬಂತು, ಹಗುರವೂ ಆಯಿತು. ನನ್ನ ಕೈ ಸರಿಯಾಗಿತ್ತು, ಅಲ್ವಾ.

ಈ ಪರೀಕ್ಷೆ ಮಾಡುವವರು ಒಂದು ಎಚ್ಚರ ಇಟ್ಟುಕೊಳ್ಳಿ. ರೆಕಾರ್ಡ್ ಆಗುವ ಟ್ರ್ಯಾಕ್‌ನ ಮಾನಿಟರ್ (ರೆಕಾರ್ಡ್ ಆಗುತ್ತಿರುವುದನ್ನು ಆಗಲೇ ಕೇಳಿಸುವ ವ್ಯವಸ್ಥೆ) ಮತ್ತು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಎರಡನ್ನೂ ಆಫ್ ಮಾಡಿ, ಮೈಕ್‌ಗೆ ವಿದ್ಯುತ್ ಕೊಡುವ 48 ವೋಲ್ಟ್ ಬಟನ್ ಆಫ್ ಮಾಡಿ, ವಾಲ್ಯೂಮ್ ತಗ್ಗಿಸಿ. ಹೆಡ್‌ಫೋನನ್ನು ಕಿವಿಯಿಂದ ತೆಗೆದಿಡಿ. ಮಾನಿಟರ್ ಆಫ್ ಆಗಿರದಿದ್ದರೆ ಶಬ್ದ ಸುತ್ತು ಹೊಡೆದು ಕಿರುಚುತ್ತದೆ.

ತಡ ಸಿಕ್ಕ ಮೇಲೆ ಸರಿಪಡಿಸುವುದು ಎಲ್ಲಿ ಅನ್ನುವುದರಲ್ಲೇ ಸಾಫ್ಟ್‌ವೇರ್‌ಗಳ ವ್ಯತ್ಯಾಸ ನನಗೆ ಕಂಡಿದ್ದು. ರೀಪರ್‌ನಲ್ಲಿ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ ಲೆಕ್ಕದಲ್ಲೇ ಸಂಖ್ಯೆ ಬರೆಯಬಹುದು. ಲೈವ್‌ನಲ್ಲಿ ಇದಕ್ಕೆ ಡ್ರೈವರ್ ಎರರ್ ಕಾಂಪೆನ್ಸೇಷನ್ ಅಂತಲೇ ಹೆಸರಿದೆ. ಅಡಾಸಿಟಿಯಲ್ಲಿ ಮೊದಲಿನಿಂದಲೇ ಮೈನಸ್ 130 ಮಿಲಿಸೆಕೆಂಡ್ ಅಂತ ಬರೆದಿರುತ್ತದೆ. ಅದು ಒಂದು ಅಂದಾಜು ಅಷ್ಟೇ. ನಿಮ್ಮ ಕಂಪ್ಯೂಟರ್‌ಗೆ ಅದು ಹೊಂದಬೇಕು ಅಂತೇನಿಲ್ಲ. ಅಡಾಸಿಟಿಯಲ್ಲಿ ಹಾಡುವ ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ, ಮುಟ್ಟಬೇಕು.

ಅಡಾಸಿಟಿ ಬಗ್ಗೆ ನನಗೆ ಗೌರವ ಇದೆ. 2000ರಿಂದ ಉಚಿತವಾಗಿ ಸಿಗುತ್ತಿರುವ ಸಾಫ್ಟ್‌ವೇರ್ ಅದು. ನಾನು ಕತ್ತರಿಸುವುದು, ಅಂಟಿಸುವುದು, ನಾಯ್ಸ್ ತೆಗೆಯುವುದು ಕಲಿತದ್ದು ಅದರಲ್ಲೇ. ಒಬ್ಬರೇ ಕೂತು ಮಾತಾಡಿ ರೆಕಾರ್ಡ್ ಮಾಡುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಮೊದಲೆಲ್ಲ ಎಫೆಕ್ಟ್ ಹಾಕಿದರೆ ಆಡಿಯೋ ಬದಲಾಗಿಯೇ ಹೋಗುತ್ತಿತ್ತು. 2022ರ 3.2 ಆವೃತ್ತಿಯಿಂದ ಹಾಡು ಓಡುತ್ತಿರುವಾಗಲೇ ಎಫೆಕ್ಟ್ ಹಾಕಿ ತೆಗೆಯಬಹುದು. ದೊಡ್ಡ ಸುಧಾರಣೆ ಅದು. ಆದರೂ ಕೀಬೋರ್ಡ್‌ನಿಂದ ಮಿಡಿ (ಯಾವ ಕೀ ಯಾವಾಗ ಒತ್ತಿದೆ ಅನ್ನುವ ಮಾಹಿತಿ) ರೆಕಾರ್ಡ್ ಮಾಡಿ, ಹಾಡು ಕಟ್ಟುತ್ತಾ ಹೋಗಲು ಅದು ಮಾಡಿದ್ದಲ್ಲ. ಜೊತೆಗೆ ವಿಂಡೋಸ್‌ನಲ್ಲಿ ಆಸಿಯೋ ಡ್ರೈವರ್‌ನ ಬೆಂಬಲ ಬಹುಕಾಲ ಅದರ ಜೊತೆ ಬರುತ್ತಿರಲಿಲ್ಲ. ಲೇಟೆನ್ಸಿ ಕಡಿಮೆ ಬೇಕು ಅನ್ನುವವರಿಗೆ ಇದು ಸಣ್ಣ ಮಾತಲ್ಲ.

ಆಸಿಯೋ ಅಂದೆ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಪದ್ಧತಿ ಅದು. ವಿಂಡೋಸ್‌ನ ಸಾಮಾನ್ಯ ಆಡಿಯೋ ದಾರಿಯನ್ನು ಬಿಟ್ಟು, ಸಾಫ್ಟ್‌ವೇರ್ ನೇರವಾಗಿ ಇಂಟರ್‌ಫೇಸ್ ಜೊತೆ ಮಾತಾಡುತ್ತದೆ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಸಿಸ್ಟಮ್‌ನಲ್ಲೇ ಇದೆ. ಬಹಳ ಇಂಟರ್‌ಫೇಸ್‌ಗಳು ಡ್ರೈವರ್ ಹಾಕದೆಯೇ ಅಲ್ಲಿ ಓಡುತ್ತವೆ. ವಿಂಡೋಸ್‌ನಲ್ಲಿ ಮಾತ್ರ ಇಂಟರ್‌ಫೇಸ್ ಕೊಳ್ಳುವುದು ಅಂದರೆ ಅದರ ಡ್ರೈವರ್ ಬರೆಯುವವರನ್ನೂ ನಂಬಿದ ಹಾಗೆ. ನಾನು ಈಗ ಪ್ರೀಆಂಪ್ (ಮೈಕ್‌ನ ಸಣ್ಣ ಶಬ್ದವನ್ನು ಏರಿಸುವ ಭಾಗ) ಬಗ್ಗೆ ಓದುವ ಮೊದಲು ಡ್ರೈವರ್ ಕಡೆಯದಾಗಿ ಯಾವಾಗ ಅಪ್‌ಡೇಟ್ ಆಗಿದೆ ಅಂತ ನೋಡುತ್ತೇನೆ. ಆ ಮೊದಲ ಇಂಟರ್‌ಫೇಸ್‌ಗೆ ಹೊಸ ಡ್ರೈವರ್ ಬರುವುದು ನಿಂತು, ವಿಂಡೋಸ್ ಅಪ್‌ಗ್ರೇಡ್ ಆದ ಮೇಲೆ ಅದು ಪೂರ್ತಿ ಕೆಲಸ ಬಿಟ್ಟಿತು. ಡಬ್ಬಿ ಚೆನ್ನಾಗಿಯೇ ಇದೆ, ದೀಪವೂ ಉರಿಯುತ್ತದೆ, ಆದರೆ ಉಪಯೋಗಕ್ಕೆ ಬರುವುದಿಲ್ಲ.

ಗ್ಯಾರೇಜ್‌ಬ್ಯಾಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮ್ಯಾಕ್ ಇರುವವರು ಇವತ್ತೇ ಶುರು ಮಾಡಬಹುದು. ಅದರ ಡ್ರಮರ್ ಟ್ರ್ಯಾಕ್ ಹಾಕಿಕೊಂಡು ಗಿಟಾರ್ ನುಡಿಸುವುದು ಖುಷಿ ಕೊಡುತ್ತದೆ. ಅಲ್ಲಿ ಮಾಡಿದ ಪ್ರಾಜೆಕ್ಟ್ ಆಪಲ್‌ನದೇ ದೊಡ್ಡ ಸಾಫ್ಟ್‌ವೇರ್ ಲಾಜಿಕ್ ಪ್ರೋನಲ್ಲಿ ಹಾಗೇ ತೆರೆಯುತ್ತದೆ. ಎಲ್ಲ ಟ್ರ್ಯಾಕ್‌ಗಳ ಮಟ್ಟ ಒಟ್ಟಿಗೆ ತೋರಿಸುವ ಮಿಕ್ಸರ್ ವಿಂಡೋ ಇಲ್ಲದಿರುವುದು ಮಾತ್ರ ಟ್ರ್ಯಾಕ್‌ಗಳು ಹತ್ತು ದಾಟಿದ ಮೇಲೆ ಕೈ ಕಟ್ಟಿ ಹಾಕಿದ ಹಾಗೆ ಅನಿಸುತ್ತದೆ.

ಲೈವ್ ನನಗೆ ಇಂಟರ್‌ಫೇಸ್ ಜೊತೆಗೇ ಸಿಕ್ಕಿತ್ತು. ಅದರ ಸೆಷನ್ ವ್ಯೂ ಬೇರೆ ಥರದ್ದು. ಚೌಕ ಚೌಕವಾಗಿ ತುಣುಕುಗಳನ್ನು ಇಟ್ಟು, ಬೇಕಾದದ್ದನ್ನು ಬೇಕಾದಾಗ ಓಡಿಸುತ್ತಾ ಹಾಡನ್ನು ಹುಡುಕಬಹುದು. ಹೊಸ ರಾಗ ಹೊಳೆಯದೆ ಕೂತಾಗ ನಾನು ಈಗಲೂ ಅದನ್ನೇ ತೆರೆಯುತ್ತೇನೆ. ಲೈಟ್ ಆವೃತ್ತಿಯಲ್ಲಿ ಟ್ರ್ಯಾಕ್‌ಗಳಿಗೆ ಮಿತಿ ಇದೆ. ದನಿಯ ಮೇಲೆ ದನಿ ಹಾಕುವ ನನ್ನಂಥವರಿಗೆ ಅದು ಬೇಗ ತುಂಬಿ ಹೋಗುತ್ತದೆ.

ಕೊನೆಗೆ ನಾನು ನೆಲೆ ನಿಂತದ್ದು ರೀಪರ್‌ನಲ್ಲಿ. ನಾಲ್ಕು ವರ್ಷ ಆಯಿತು. ಹಾಡು ಕೇಳುವ ಸಾಫ್ಟ್‌ವೇರ್ ವಿನ್ಯಾಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಇದರ ಹಿಂದೆ ಇದ್ದಾರೆ. ಮೊದಲ ಪೂರ್ಣ ಆವೃತ್ತಿ ಬಂದಿದ್ದು 2006ರಲ್ಲಿ. ಇಡೀ ಇನ್‌ಸ್ಟಾಲರ್ ನಾಲ್ಕು ನಿಮಿಷದ ಒಂದು ವೇವ್ ಫೈಲ್‌ಗಿಂತ ಚಿಕ್ಕದು. 60 ದಿನ ಏನನ್ನೂ ತಡೆಹಿಡಿಯದೆ ಪೂರ್ತಿ ಬಳಸಲು ಕೊಡುತ್ತಾರೆ. ಒಂದೇ ಲೈಸೆನ್ಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ. 2023ರಲ್ಲಿ ಬಂದ ಏಳನೇ ಆವೃತ್ತಿಯಲ್ಲಿ ಟ್ರ್ಯಾಕ್ ಲೇನ್ ಕೊಟ್ಟರು. ಒಂದೇ ಸಾಲನ್ನು ಐದು ಸಲ ಹಾಡಿ, ಚೆನ್ನಾಗಿ ಬಂದ ಪದಗಳನ್ನು ಮೌಸ್‌ನಲ್ಲಿ ಎಳೆದು ಒಂದಾಗಿ ಜೋಡಿಸಬಹುದು. ಈ ಒಂದು ಕೆಲಸ ನನ್ನ ಹಾಡುವ ಧೈರ್ಯವನ್ನೇ ಹೆಚ್ಚಿಸಿತು. ತಪ್ಪಾದರೆ ಇನ್ನೊಂದು ಸಲ ಹಾಡಿದರಾಯಿತು ಅನ್ನುವ ನಿರಾಳ ಬಂತು.

ಕಷ್ಟಗಳೂ ಇವೆ. ರೀಪರ್ ಜೊತೆ ವಾದ್ಯಗಳ ಸೌಂಡ್ ಹೆಚ್ಚು ಕಡಿಮೆ ಏನೂ ಬರುವುದಿಲ್ಲ. ಪಿಯಾನೋ, ಡ್ರಮ್ಸ್ ಬೇಕಾದರೆ ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ನೀವೇ ಹುಡುಕಿ ಹಾಕಬೇಕು. ಸೆಟ್ಟಿಂಗ್‌ಗಳು ಕಾಡಿನ ಹಾಗೆ ಬೆಳೆದಿವೆ. ಮೊದಲ ಎರಡು ವಾರ ನನಗೆ ರೆಕಾರ್ಡಿಂಗ್‌ಗಿಂತ ಹುಡುಕುವುದೇ ಆಯಿತು. ಟೆಂಪ್ಲೇಟ್ ಒಂದು ಮಾಡಿಟ್ಟುಕೊಂಡ ಮೇಲೆ ಸರಾಗ. ನನ್ನ ಟೆಂಪ್ಲೇಟ್‌ನಲ್ಲಿ ದನಿಗೆ ಮೂರು ಟ್ರ್ಯಾಕ್, ಗಿಟಾರ್‌ಗೆ ಎರಡು, ಒಂದು ಕ್ಲಿಕ್. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಮೇಲೆ ಪ್ಲಗಿನ್ ಏನೂ ಇಡುವುದಿಲ್ಲ. ಶಬ್ದ ಮಿತಿ ದಾಟದಂತೆ ತಡೆಯುವ ಲಿಮಿಟರ್‌ನಂಥ ಕೆಲವು ಪ್ಲಗಿನ್‌ಗಳು ಮುಂದೆ ಬರುವ ಶಬ್ದವನ್ನು ನೋಡಲು ತಾವೇ ತಡ ಸೇರಿಸುತ್ತವೆ. ಹಾಡುವಾಗ ಅವು ಇರಬಾರದು.

ಇಂಟರ್‌ಫೇಸ್‌ಗಳಲ್ಲಿ ಈಗ ನನ್ನ ಹತ್ತಿರ ಇರುವವು ಎರಡು: ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಮೂರನೇ ತಲೆಮಾರಿನದು ಮತ್ತು ಮೋಟು ಎಂ2. ಎರಡರಲ್ಲೂ ದನಿ ಶುದ್ಧವಾಗಿ ಬರುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದು ಅಂತ ನನಗೆ ಹೇಳಲು ಆಗುವುದಿಲ್ಲ. ದಿನಬಳಕೆಯಲ್ಲಿ ವ್ಯತ್ಯಾಸ ಸಿಗುವುದು ಸಣ್ಣ ವಿಷಯಗಳಲ್ಲಿ. ಸ್ಕಾರ್ಲೆಟ್‌ನಲ್ಲಿ ಗೇನ್ (ಒಳಬರುವ ಶಬ್ದವನ್ನು ಎಷ್ಟು ಏರಿಸಬೇಕು ಅನ್ನುವ) ಗುಂಡಿಯ ಸುತ್ತ ದೀಪ ಹಸಿರಾಗುತ್ತದೆ, ಮಿತಿ ದಾಟಿದರೆ ಕೆಂಪು. ಎಂ2ನಲ್ಲಿ ಪುಟ್ಟ ಪರದೆಯ ಮೇಲೆ ಮೀಟರ್ ಓಡುತ್ತದೆ. ಮೈಕ್ ಮುಂದೆ ನಿಂತು ದೂರದಿಂದಲೇ ಮಟ್ಟ ನೋಡಲು ಇದು ಬಹಳ ಸುಲಭ. ಸ್ಕಾರ್ಲೆಟ್‌ನಲ್ಲಿ ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಬಟನ್ ಎರಡೂ ಇನ್‌ಪುಟ್‌ಗೆ ಸೇರಿ ಒಂದೇ. ಎಂ2ನಲ್ಲಿ ಬೇರೆ ಬೇರೆ. ಡೈರೆಕ್ಟ್ ಮಾನಿಟರ್ ಕೂಡ ಎಂ2ನಲ್ಲಿ ಒಂದೊಂದು ಇನ್‌ಪುಟ್‌ಗೂ ಒಂದೊಂದು ಬಟನ್. ನಿಮ್ಮ ದನಿ ಕಂಪ್ಯೂಟರ್‌ಗೆ ಹೋಗಿ ಬರದೆ ಇಂಟರ್‌ಫೇಸಿನಿಂದಲೇ ನೇರ ಹೆಡ್‌ಫೋನ್‌ಗೆ ಬರುವುದು ಅಂದರೆ ಇದೇ. ಲೇಟೆನ್ಸಿ ತಲೆನೋವು ಇರುವವರು ಮೊದಲು ಇದನ್ನು ಒತ್ತಿ. ಒತ್ತಿದ ಮೇಲೆ ಸಾಫ್ಟ್‌ವೇರ್‌ನ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳಿಸುತ್ತದೆ.

ಮೈಕ್ ಆರಿಸುವವರಿಗೆ ಒಂದು ಮಾತು. ಶೂರ್ ಎಸ್‌ಎಂ7ಬಿ ನೋಡಿ ಆಸೆಪಡುವವರು ಬಹಳ ಜನ. ಅದಕ್ಕೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು. ಮೂರನೇ ತಲೆಮಾರಿನ 2ಐ2 ಕೊಡುವುದು 56. 2023ರ ನಾಲ್ಕನೇ ತಲೆಮಾರಿನದು 69 ಕೊಡುತ್ತದೆ. ಮೈಕ್ ಮತ್ತು ಇಂಟರ್‌ಫೇಸ್ ಎರಡರ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೇನ್ ಸಾಕಷ್ಟಿದ್ದರೂ ತುಂಬಾ ಏರಿಸಬೇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಜೋರಾದ ಜಾಗ ಮೈನಸ್ 12 ಡೆಸಿಬೆಲ್ ಮುಟ್ಟಿದರೆ ಸಾಕು, ಮಿತಿ ಇರುವುದು ಸೊನ್ನೆಯಲ್ಲಿ. ಮೇಲೆ ಜಾಗ ಇರಲಿ. ಒಳ್ಳೆಯ ಸಾಲು ಹಾಡುವಾಗಲೇ ದನಿ ಏರುವುದು, ಕ್ಲಿಪ್ ಆಗುವುದೂ (ಮಿತಿ ದಾಟಿ ಶಬ್ದ ಒಡೆಯುವುದೂ) ಅಲ್ಲೇ.

ಇಷ್ಟು ಹೇಳಿದ ಮೇಲೂ ನನ್ನ ರೆಕಾರ್ಡಿಂಗ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ತಂದದ್ದು ಮೈಕ್ ಹಿಂದೆಯೂ ನನ್ನ ಬೆನ್ನ ಹಿಂದೆಯೂ ಇಳಿಬಿಟ್ಟ ದಪ್ಪ ಕಂಬಳಿಗಳು. ಖಾಲಿ ಗೋಡೆಯ ಮಾರ್ದನಿ ಒಮ್ಮೆ ದನಿಯೊಳಗೆ ಸೇರಿದರೆ ಅದನ್ನು ಪೂರ್ತಿ ತೆಗೆಯುವ ಪ್ಲಗಿನ್ ನನಗಿನ್ನೂ ಸಿಕ್ಕಿಲ್ಲ.

ಸಿಸ್ಟಮ್‌ ಅಪ್‌ಡೇಟ್ ಆದಾಗ, ಡ್ರೈವರ್ ಬದಲಾದಾಗ, ಸ್ಯಾಂಪಲ್ ರೇಟ್ 44.1ರಿಂದ 48ಕ್ಕೆ ಹೋದಾಗ ಆ ಕೇಬಲ್ ಮತ್ತೆ ಹೊರಗೆ ಬರುತ್ತದೆ. ಕಳೆದ ವಾರವೂ ಹಾಕಿ ನೋಡಿದೆ. ಎಂ2 ಜೊತೆ ರೀಪರ್, ಬಫರ್ 128. ಎರಡು ಕ್ಲಿಕ್ಕೂ ಒಂದರ ಕೆಳಗೊಂದು ನಿಂತಿದ್ದವು. ಕೇಬಲ್ ಬಿಚ್ಚಿ, ಮೈಕ್ ಹಾಕಿ, ಅರ್ಧಕ್ಕೆ ನಿಂತಿದ್ದ ಹಾಡಿನ ಎರಡನೇ ಗಿಟಾರ್ ನುಡಿಸಿದೆ.