ಅನುದಾನದ ಗುಂಪು ಪ್ರವಾಸ: ಶಿಬಿರ ಕೇಂದ್ರ, ಡಾರ್ಮಿಟರಿ, ಟೆಂಟು, ವೋಚರ್ – ಯಾರಿಗೆ ಯಾವುದು?

ಹಣ ಮಂಜೂರಾಯಿತು ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ತಲಾ ಖರ್ಚಿನ ಮೇಲೆ. ಕಷ್ಟದಲ್ಲಿರುವ ಮನೆಗಳ ಮಕ್ಕಳನ್ನೋ, ಇಡೀ ಕುಟುಂಬಗಳನ್ನೋ ಮೂರು ನಾಲ್ಕು ದಿನ ಹೊರಗೆ ಕರೆದೊಯ್ಯಲು ಸಾಮಾನ್ಯವಾಗಿ ಇರುವ ದಾರಿ ನಾಲ್ಕು. ಊಟ, ಚಟುವಟಿಕೆ, ಸಿಬ್ಬಂದಿ ಎಲ್ಲ ಸೇರಿದ ಶಿಬಿರ ಕೇಂದ್ರ, ನಾವೇ ಅಡುಗೆ ಮಾಡಿಕೊಳ್ಳುವ ಡಾರ್ಮಿಟರಿ, ಟೆಂಟು, ಕುಟುಂಬದ ಕೈಗೇ ಕೊಡುವ ವೋಚರ್. ಕಾಗದದ ಮೇಲೆ ಟೆಂಟು ಅಗ್ಗ, ಕೇಂದ್ರ ದುಬಾರಿ. ಬಿಲ್ಲಿನಲ್ಲಿ ಕಾಣದ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೂಡಿಸಿ ನೋಡಿದರೆ ಈ ಪಟ್ಟಿ ತಲೆಕೆಳಗಾಗುತ್ತದೆ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು. ಲೆಕ್ಕಕ್ಕೆ 20 ಮಕ್ಕಳು, 4 ಜನ ದೊಡ್ಡವರು, 3 ರಾತ್ರಿ ಎಂದಿಟ್ಟುಕೊಳ್ಳೋಣ.

ಖಾಲಿ ಹಾಸಿಗೆ

ಹೊರಡುವ ಬೆಳಿಗ್ಗೆ 24 ಜನರೂ ಬಸ್ಸಿನ ಹತ್ತಿರ ಬಂದು ನಿಲ್ಲುವುದು ಅಪರೂಪ. ನಾಲ್ವರು ತಪ್ಪಿದರು ಅನ್ನಿ. ಡಾರ್ಮಿಟರಿ ಇಡಿಯಾಗಿ ಬಾಡಿಗೆಗೆ ಬರುವುದರಿಂದ ಬಾಡಿಗೆ ಅಷ್ಟೇ ಇರುತ್ತದೆ, ಉಳಿದ 20 ಜನರ ತಲಾ ಬಾಡಿಗೆ ನೂರಕ್ಕೆ 20ರಷ್ಟು ಏರುತ್ತದೆ. ಬಸ್ಸಿನದೂ ಇದೇ ಕಥೆ. ಶಿಬಿರ ಕೇಂದ್ರ ತಲೆ ಲೆಕ್ಕದಲ್ಲಿ ಬಿಲ್ ಮಾಡುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವವರು ಒಪ್ಪಂದದಲ್ಲಿ ‘ಕನಿಷ್ಠ ಸಂಖ್ಯೆ’ ಎಂಬ ಸಾಲನ್ನು ಹುಡುಕಿ ಓದಬೇಕು. ಹೇಳಿದ ದಿನದೊಳಗೆ ಅಂತಿಮ ಸಂಖ್ಯೆ ತಿಳಿಸದಿದ್ದರೆ ಬಾರದವರ ಊಟಕ್ಕೂ ನೀವೇ ದುಡ್ಡು ಕೊಡಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಟೆಂಟು ಗೆಲ್ಲುತ್ತದೆ: ಒಂದು ಟೆಂಟು ಬಿಚ್ಚದೆ ಹಾಗೇ ಬಿಟ್ಟರಾಯಿತು.

ಬಾರದವರೆಲ್ಲ ಆಸಕ್ತಿ ಇಲ್ಲದವರಲ್ಲ. ಒಳ್ಳೆಯ ಬ್ಯಾಗಿಲ್ಲ, ಶೂ ಇಲ್ಲ, ರಾತ್ರಿ ಹಾಸಿಗೆ ಒದ್ದೆಯಾದರೆ ಎಂಬ ಹೆದರಿಕೆ, ತಮ್ಮನನ್ನು ನೋಡಿಕೊಳ್ಳುವವರಿಲ್ಲ, ಅಮ್ಮನಿಗೆ ಮೂರು ದಿನದ ದುಡಿಮೆ ಹೋಗುತ್ತದೆ. ಒಂದು ವಾರ ಮೊದಲು ಮನೆಗೇ ಹೋಗಿ ಮಾತಾಡಿದರೆ ಇವುಗಳಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತವೆ. ಬ್ಯಾಗು, ಮಳೆಕೋಟು, ಶೂಗಳನ್ನು ಎರಡು ದಿನ ಮುಂಚೆ ಮನೆಗೇ ಮುಟ್ಟಿಸಿ. ಬಸ್ಸಿನ ಪಕ್ಕದಲ್ಲಿ ಹಂಚಿದಿರೋ, ಯಾರಿಗೆ ಏನಿಲ್ಲ ಎನ್ನುವುದು ಎಲ್ಲರೆದುರು ಬಯಲಾಯಿತು ಎಂದೇ ಅರ್ಥ. ಅದನ್ನು ತಪ್ಪಿಸಿಕೊಳ್ಳಲು ಮಗು ಬರದೇ ಉಳಿಯುತ್ತದೆ. ಖಾಲಿ ಸೀಟು ತುಂಬಲು 24ಕ್ಕೆ 28 ಹೆಸರು ಬರೆದುಕೊಳ್ಳುವುದು ಬೇಡ. 28 ಜನರೂ ಬಂದು ನಿಂತರೆ ಯಾರನ್ನು ವಾಪಸ್ ಕಳಿಸುತ್ತೀರಿ? ಬಸ್ಸು ಹೊರಡುವ ಜಾಗಕ್ಕೆ ಕಾಲು ಗಂಟೆ ನಡಿಗೆಯಲ್ಲಿರುವ ಮೂರು ಮನೆಗಳಿಗೆ ‘ಸೀಟು ಉಳಿದರೆ ಮಾತ್ರ’ ಎಂದು ಮೊದಲೇ ಬಿಡಿಸಿ ಹೇಳಿ, ಒಪ್ಪಿಗೆ ಪತ್ರ, ಔಷಧಿ ವಿವರ, ತುರ್ತು ಫೋನ್ ನಂಬರು ಬರೆಸಿಟ್ಟುಕೊಳ್ಳಿ. ಕಾಗದ ಪೂರ್ತಿಯಾಗದ ಮಗುವನ್ನು ಕೊನೆ ಗಳಿಗೆಯಲ್ಲಿ ಹತ್ತಿಸಿಕೊಳ್ಳಬೇಡಿ. ಅಲರ್ಜಿ ಏನೆಂದು ಗೊತ್ತಿಲ್ಲದೆ ಮೂರು ದಿನ ಊಟ ಹಾಕಲಾಗುವುದಿಲ್ಲ.

ರಾತ್ರಿ ಯಾರದು?

ಶಿಬಿರ ಕೇಂದ್ರವನ್ನು ಆರಿಸುವವರು ಎಡವುವುದು ಇಲ್ಲೇ. ‘ಸಿಬ್ಬಂದಿ ಸಮೇತ’ ಎಂದರೆ ಹಗಲಿನ ಚಟುವಟಿಕೆಗೆ ಮತ್ತು ಅಡುಗೆಗೆ ಸಿಬ್ಬಂದಿ. ರಾತ್ರಿಯಾದರೆ ಅವರು ತಮ್ಮ ಪಾಡಿಗೆ ಹೊರಟುಬಿಡುತ್ತಾರೆ, ತುರ್ತಿಗೆ ಒಂದು ಫೋನ್ ನಂಬರು ಇರುತ್ತದೆ ಅಷ್ಟೆ. ಅಲ್ಲಿಂದ ಬೆಳಗಿನವರೆಗೆ ಹೊಣೆ ನಿಮ್ಮದೇ, ಡಾರ್ಮಿಟರಿಯಲ್ಲಿ ಇರುವಷ್ಟೇ. ‘ಕೇಂದ್ರದವರೇ ಇದ್ದಾರಲ್ಲ, ಇಬ್ಬರು ಸಾಕು’ ಎಂದು ಹೊರಟ ತಂಡ ಎರಡನೇ ದಿನಕ್ಕೆ ನಿದ್ದೆಗೆಟ್ಟು ಸುಸ್ತಾಗಿರುತ್ತದೆ.

20 ಮಕ್ಕಳಿಗೆ ನಾಲ್ವರು ಯಾಕೆ ಎಂದರೆ: ಒಂದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಒಬ್ಬರು ಜೊತೆಗೆ ಹೋಗಬೇಕು. ಉಳಿದ 19 ಮಕ್ಕಳ ಹತ್ತಿರ ಇಬ್ಬರಾದರೂ ಇರಬೇಕು. ಹಿಂದಿನ ರಾತ್ರಿ ಎಚ್ಚರವಿದ್ದು ಈಗ ಮಲಗಿರುವವರು ಒಬ್ಬರು. ಲೆಕ್ಕ ಇಷ್ಟೇ, ಇದರಲ್ಲಿ ಧಾರಾಳ ಏನೂ ಇಲ್ಲ.

ಕೋಣೆಗಳ ವಿಷಯದಲ್ಲಿ ನಾಲ್ಕು ಅಥವಾ ಆರು ಹಾಸಿಗೆಯ ಕೋಣೆಗಳಿರುವ ಜಾಗವನ್ನೇ ಹುಡುಕಿ, ದೊಡ್ಡ ಹಾಲ್ ಬೇಡ. ಯೂತ್ ಹಾಸ್ಟೆಲ್ ಎಂಬ ಕಲ್ಪನೆ ಕೊಟ್ಟ ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮನ್ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಹಾಸ್ಟೆಲ್ ತೆರೆದದ್ದು ಚಾರಣಕ್ಕೆ ಹೊರಟ ಹುಡುಗರಿಗಾಗಿ. ದಿನವಿಡೀ ನಡೆದು ದಣಿದವರು ಸಾಲು ಬಂಕುಗಳಲ್ಲೂ ಒರಗಿದ ತಕ್ಷಣ ನಿದ್ದೆ ಹೋಗುತ್ತಾರೆ. ಬಸ್ಸಿಳಿದು ಬಂದ, ಮನೆ ಬಿಟ್ಟು ಮೊದಲ ಸಲ ಮಲಗುವ ಹನ್ನೊಂದು ವರ್ಷದ ಮಗುವಿಗೆ ಹದಿನಾರು ಜನರ ಉಸಿರಾಟ, ಪಿಸುಮಾತು, ಟಾರ್ಚ್ ಬೆಳಕಿನ ನಡುವೆ ನಿದ್ದೆ ಹತ್ತುವುದಿಲ್ಲ. ಮೊದಲ ದಿನ ಮಧ್ಯಾಹ್ನವೇ ಒಂದು ಉದ್ದದ ನಡಿಗೆ ಇಟ್ಟುಕೊಳ್ಳಿ, ಎಲ್ಲ ಹಾಸಿಗೆಗೂ ನೀರು ಇಳಿಯದ ಕವರು ಹಾಕಿಬಿಡಿ. ಒಂದಕ್ಕೆ ಮಾತ್ರ ಹಾಕಿದರೆ ಯಾರದೆಂದು ಗೊತ್ತಾಗಿಬಿಡುತ್ತದೆ.

ಅಡುಗೆಮನೆ

ಹದಿಹರೆಯದ ಗುಂಪಿಗೆ ಡಾರ್ಮಿಟರಿಯ ಅತಿ ದೊಡ್ಡ ಲಾಭ ಅದರ ಅಡುಗೆಮನೆ. ಐದು ಮಕ್ಕಳು, ಒಬ್ಬರು ದೊಡ್ಡವರು ಸೇರಿದ ತಂಡ, ಊಟಕ್ಕೆ ಒಂದೂವರೆ ಗಂಟೆ ಮುಂಚೆ ಕೆಲಸ ಶುರು. ಯಾವ ಚಟುವಟಿಕೆಯಲ್ಲೂ ಬಾಯಿ ಬಿಡದವರು ಈರುಳ್ಳಿ ಹೆಚ್ಚುತ್ತಾ ಮಾತಾಡುತ್ತಾರೆ. ಆದರೆ ಕಾಯ್ದಿರಿಸುವ ಮುನ್ನ ಒಲೆ ಮತ್ತು ಪಾತ್ರೆಯ ಫೋಟೊ ತರಿಸಿಕೊಳ್ಳಿ. ‘24 ಹಾಸಿಗೆ, ಅಡುಗೆಮನೆ ಇದೆ’ ಎಂದಿರುತ್ತದೆ. ಹೋಗಿ ನೋಡಿದರೆ ಎರಡು ಉರಿಯ ಮನೆಬಳಕೆಯ ಒಲೆ, ಎಂಟು ಜನಕ್ಕೆ ಸಾಲುವ ಪಾತ್ರೆ. 24 ಜನಕ್ಕೆ 15ರಿಂದ 20 ಲೀಟರಿನ ಎರಡು ಪಾತ್ರೆ ಬೇಕು, ಅವುಗಳ ತಳಕ್ಕೆ ತಕ್ಕ ದೊಡ್ಡ ಉರಿಯೂ ಬೇಕು. ಇಲ್ಲದಿದ್ದರೆ ನೀರು ಕುದಿಯುವಷ್ಟರಲ್ಲೇ ಹಸಿವಿನ ಜಗಳ ಶುರುವಾಗಿರುತ್ತದೆ. ಚಾಕುಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ಪಡೆಯಿರಿ.

ಇನ್ನೊಂದು ಎಡವಟ್ಟು ಮೇಲ್ನೋಟಕ್ಕೆ ಕಾಣುವುದಿಲ್ಲ. ಪ್ರತಿ ಗುಂಪಿನಲ್ಲೂ ಮನೆಯಲ್ಲಿ ದಿನಾ ಅಡುಗೆ ಮಾಡಿ, ಕಾಯಿಲೆಯ ಅಮ್ಮನನ್ನೋ ತಮ್ಮತಂಗಿಯರನ್ನೋ ನೋಡಿಕೊಳ್ಳುವ ಒಂದಿಬ್ಬರು ಇರುತ್ತಾರೆ. ಸರದಿ ಯಾರದೇ ಇರಲಿ, ಎರಡನೇ ದಿನದ ಹೊತ್ತಿಗೆ ಒಲೆ ಮುಂದೆ ನಿಂತಿರುವವರು ಅವರೇ. ದೊಡ್ಡವರು ಬೆನ್ನು ತಟ್ಟಿ ಹೊಗಳುತ್ತಾರೆ. ಆ ಹುಡುಗಿ ಬಂದದ್ದು ಅದೇ ಕೆಲಸದಿಂದ ಮೂರು ದಿನ ಬಿಡುವು ಸಿಗಲಿ ಎಂದು. ಗುಂಪಿನಲ್ಲಿ ಇಂಥವರೇ ಹೆಚ್ಚಿದ್ದರೆ ದುಬಾರಿಯಾದರೂ ಊಟ ಹಾಕುವ ಕೇಂದ್ರವೇ ಸರಿ.

ಕೇಂದ್ರದ ಊಟಕ್ಕೆ ಅದರದೇ ತಾಪತ್ರಯಗಳಿವೆ. ಗಂಟೆ ಹೊಡೆದಂತೆ ಊಟ, ಬಸ್ಸು ಒಂದು ತಾಸು ತಡವಾದರೆ ಅಡುಗೆಮನೆ ಬಾಗಿಲು ಹಾಕಿರುತ್ತದೆ. ಅಲರ್ಜಿ, ಪಥ್ಯ, ತಿನ್ನದ ಪದಾರ್ಥಗಳ ಪಟ್ಟಿಯನ್ನು ವಾರ ಮೊದಲೇ ಬರಹದಲ್ಲಿ ಕಳಿಸಿ, ತಲುಪಿದ ದಿನ ಅಡುಗೆಯವರಿಗೇ ಮತ್ತೊಮ್ಮೆ ಬಾಯಲ್ಲಿ ಹೇಳಿ. ಕಚೇರಿಗೆ ಬಂದ ಪಟ್ಟಿ ಅಡುಗೆಮನೆ ತಲುಪಿದೆ ಎಂದು ನಂಬಿ ಕೂರಬೇಡಿ. ಕೆಲವು ಮಕ್ಕಳು ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರೆ. ಗದರಿಸಿ ಫಲವಿಲ್ಲ. ಯಾವಾಗ ಬೇಕಾದರೂ ಕೈ ಹಾಕಬಹುದಾದ ಹಣ್ಣಿನ ಬುಟ್ಟಿಯೊಂದು ಹಾಲ್‌ನಲ್ಲಿ ಇರಲಿ. ಕೇಂದ್ರದವರು ಒಪ್ಪದಿದ್ದರೆ ನೀವೇ ಒಯ್ಯಿರಿ.

ಟೆಂಟು

ಸ್ವಂತ ಸಾಮಾನಿದ್ದರೆ ಅಗ್ಗ, ನಿಜ. ಆದರೆ ‘4 ಜನರ ಟೆಂಟು’ ಎಂದು ಚೀಟಿ ಇರುವುದರಲ್ಲಿ ಮೂವರನ್ನೇ ಮಲಗಿಸಿ. 60 ಸೆಂಟಿಮೀಟರ್ ಅಗಲದ ನಾಲ್ಕು ಚಾಪೆ ಹಾಸಿದರೆ 240 ಸೆಂಟಿಮೀಟರ್ ನೆಲ ಮುಗಿಯಿತು, ಬ್ಯಾಗಿಗೆ ಜಾಗವಿಲ್ಲ. ಬ್ಯಾಗುಗಳು ಬಟ್ಟೆಯ ಗೋಡೆಗೆ ಒತ್ತಿಕೊಂಡರೆ ತೇವ ಒಳಗಿಳಿಯುತ್ತದೆ. ಚಳಿಗೆ ಹೆದರಿ ಗಾಳಿಕಿಂಡಿ ಮುಚ್ಚಿದರೆ ಉಸಿರಿನ ಆವಿ ಟೆಂಟಿನ ಒಳಮೈ ಮೇಲೆ ಹನಿಗಟ್ಟುತ್ತದೆ; ಬೆಳಿಗ್ಗೆ ಎಲ್ಲರೂ ‘ಟೆಂಟು ಸೋರಿತು’ ಅನ್ನುತ್ತಾರೆ. ಚಳಿ ಬರುವುದು ನೆಲದಿಂದ. ಹೊದಿಕೆ ಎಷ್ಟೇ ದಪ್ಪವಿರಲಿ, ಕೆಳಗೆ ಒಳ್ಳೆಯ ಚಾಪೆ ಇಲ್ಲದಿದ್ದರೆ ನಿದ್ದೆ ಬಾರದು.

ನೀರು, ಶೌಚಾಲಯಕ್ಕೆ ಅಳತೆಗೋಲು ಬೇಕಿದ್ದರೆ ವಿಪತ್ತು ಪರಿಹಾರದವರು ಬಳಸುವ ಸ್ಫಿಯರ್ ಮಾನದಂಡ ಇದೆ: ದಿನಕ್ಕೆ ತಲಾ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ. ಮಕ್ಕಳ ಶಿಬಿರದಲ್ಲಿ ಇದಕ್ಕಿಂತ ಕಡಿಮೆ ಇರುವ ಜಾಗಕ್ಕೆ ಹೋಗುವುದೇ ಬೇಡ.

ಬಜೆಟ್ಟಿನಲ್ಲಿ ಯಾರೂ ಬರೆಯದ ಖರ್ಚು ವಾಪಸ್ ಬಂದ ಮೇಲಿನದು. ಒದ್ದೆ ಟೆಂಟನ್ನು ಮಡಚಿ ಚೀಲದಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ಎಂಟು ಟೆಂಟು ಹರವಿ ಒಣಗಿಸಲು ಒಂದು ಹಾಲ್, ಇಬ್ಬರ ಒಂದು ಇಡೀ ದಿನ ಬೇಕು. ಗೂಟ, ಹಗ್ಗ ಎಣಿಸುವುದೂ ಆಗಲೇ. ಇನ್ನೂ ಒಂದು ಮಾತು: ಮನೆ ಕಳೆದುಕೊಂಡು ಗುಡಾರದಲ್ಲಿ ಬದುಕಿದ ಮಕ್ಕಳಿಗೆ ಟೆಂಟು ಸಾಹಸವಲ್ಲ. ಅಂಥವರಿದ್ದಾರೋ ಎಂದು ಕೇಳದೆ ಈ ಆಯ್ಕೆಗೆ ಕೈ ಹಾಕಬೇಡಿ. ನಮ್ಮ ಮಟ್ಟಿಗೆ ಟೆಂಟು ಎರಡನೇ ಪ್ರವಾಸಕ್ಕೆ, ಈಗಾಗಲೇ ಒಮ್ಮೆ ಜೊತೆಗೆ ಹೊರಗುಳಿದ ಗುಂಪಿಗೆ.

ಕುಟುಂಬಗಳು ಬಂದರೆ

ಮಕ್ಕಳನ್ನಷ್ಟೇ ಕರೆದೊಯ್ಯುವ ಪದ್ಧತಿ ಹಳೆಯದು. 1876ರಲ್ಲೇ ಜ್ಯೂರಿಕ್‌ನ ಪಾದ್ರಿ ವಾಲ್ಟರ್ ಬಿಯಾನ್ 68 ಬಡ ಮಕ್ಕಳನ್ನು ಆಪೆನ್ಜೆಲ್ ಬೆಟ್ಟಗಳಿಗೆ ಕರೆದೊಯ್ದಿದ್ದರು. ಇಂದಿಗೂ ಹೆಚ್ಚಿನ ಗುಂಪು ವಸತಿಗಳ ನಕ್ಷೆಯಲ್ಲಿ ಮಕ್ಕಳು ಒಂದು ಕಡೆ, ಮೇಲ್ವಿಚಾರಕರು ಇನ್ನೊಂದು ಕಡೆ. ಅಲ್ಲಿಗೆ ಕುಟುಂಬಗಳನ್ನು ತುಂಬಿದರೆ ಎದೆಹಾಲು ಕುಡಿಸುವ ತಾಯಿಗೆ ಬಾಗಿಲಿರುವ ಕೋಣೆ ಸಿಗದು. ಒಬ್ಬ ತಂದೆ, ಇಬ್ಬರು ಹೆಣ್ಣುಮಕ್ಕಳಿದ್ದರೆ ಯಾವ ಡಾರ್ಮಿಟರಿಗೆ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಗುವನ್ನು ಗದರಿಸುವುದು, ಮುದ್ದು ಮಾಡುವುದು ಎಲ್ಲವೂ ಇನ್ನೊಬ್ಬರ ಕಣ್ಣೆದುರಲ್ಲೇ ನಡೆಯಬೇಕು. ಮೂರನೇ ದಿನ ಸಿಡಿಯುವುದು ಅದೇ.

ವೋಚರ್ ಈ ಮುಜುಗರ ತಪ್ಪಿಸುತ್ತದೆ: ದಿನ ಅವರದು, ಜಾಗ ಅವರದು. ಆದರೆ ಕೋಣೆ ಬಾಡಿಗೆಗೆ ಮಾತ್ರ ಸಲ್ಲುವ ವೋಚರ್ ಅರ್ಧಂಬರ್ಧ. ಪ್ರಯಾಣ, ಊಟ, ಅಲ್ಲಿ ಕೇಳುವ ಠೇವಣಿ, ಮಕ್ಕಳ ಕೈಖರ್ಚು ಯಾರು ಕೊಡುತ್ತಾರೆ? ಬ್ಯಾಂಕ್ ಕಾರ್ಡಿಲ್ಲದ ಮನೆಯವರು ಠೇವಣಿ ಕೇಳುವ ಕೌಂಟರಿನಿಂದಲೇ ಹಿಂದಿರುಗಬೇಕಾದೀತು. ಫ್ರಾನ್ಸಿನಲ್ಲಿ 1982ರಿಂದ ಇರುವ ರಜಾ ಚೆಕ್ ವಸತಿಗಷ್ಟೇ ಅಲ್ಲ, ಪ್ರಯಾಣ, ಊಟ, ಮನರಂಜನೆಗೂ ನಡೆಯುತ್ತದೆ. ವೋಚರ್ ಮಾಡುವುದಾದರೆ ಹಾಗೆ. ಜೊತೆಗೆ, ಎಂದೂ ರಜೆಗೆ ಹೋಗದ ಕುಟುಂಬದೊಂದಿಗೆ ಕಾರ್ಯಕರ್ತರೊಬ್ಬರು ಎರಡು ಮೂರು ತಾಸು ಕೂತು ಬುಕಿಂಗ್, ರೈಲು ಬದಲಿಸುವ ಜಾಗ, ಒಯ್ಯಬೇಕಾದ ಸಾಮಾನು ಎಲ್ಲ ಬಿಡಿಸಿ ಹೇಳಬೇಕು. ಈ ಹೊತ್ತು ಸಿಗದ ಕಡೆ ವೋಚರು ಬಳಕೆಯಾಗದೆ ಅವಧಿ ಮುಗಿಯುತ್ತದೆ.

ನಮಗೆ ಹೆಚ್ಚು ಒಗ್ಗಿದ್ದು ಇವೆರಡರ ನಡುವಿನದು: ಒಂದೇ ಆವರಣದಲ್ಲಿ ಕುಟುಂಬಕ್ಕೊಂದು ಪುಟ್ಟ ಮನೆ, ಬಸ್ಸು ಒಟ್ಟಿಗೆ, ದಿನಕ್ಕೆ ಒಂದೇ ಸಾಮೂಹಿಕ ಊಟ, ಅದೂ ಬಂದವರು ಬರಲಿ ಎಂಬಂತೆ.

ದುಡ್ಡಿನ ಕಾಗದ

ಕೇಂದ್ರಕ್ಕೆ ಒಂದೇ ಬಿಲ್. ಡಾರ್ಮಿಟರಿಗೆ ಹತ್ತಾರು ರಸೀದಿ, ಅವುಗಳಲ್ಲಿ ಹಲವು ಶಾಖಕ್ಕೆ ಅಕ್ಷರ ಮಾಸುವ ಕಾಗದದವು; ಅವತ್ತೇ ಫೋಟೊ ತೆಗೆದಿಡಿ. ಅನುದಾನ ಮೊದಲೇ ಬರುತ್ತದೋ, ಖರ್ಚಾದ ಮೇಲೆ ಮರುಪಾವತಿಯೋ ಎಂದು ಕೇಳಿ. ಎರಡನೆಯದಾದರೆ, ಮುಂಗಡ ಕಟ್ಟಲು ಕೈಯಲ್ಲಿ ಹಣವಿಲ್ಲದ ಸಣ್ಣ ಸಂಸ್ಥೆಗೆ ಮಂಜೂರಾತಿ ಪತ್ರ ಬರೀ ಕಾಗದವೇ. ಕಾಯ್ದಿರಿಸುವಾಗ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕೊನೆ ದಿನ, ಅನುದಾನದ ತೀರ್ಮಾನ ಬರುವ ದಿನಕ್ಕಿಂತ ಆಚೆಗಿರಲಿ. ಬಜೆಟ್ಟಿನಲ್ಲಿ ಮನೆಭೇಟಿ, ಶೂ-ಬ್ಯಾಗು, ಟೆಂಟು ಒಣಗಿಸುವ ದಿನ, ಇವನ್ನೆಲ್ಲ ಹೆಸರು ಹಿಡಿದೇ ಬರೆಯಿರಿ. ‘ಇತರೆ’ ಎಂದು ಬರೆದದ್ದನ್ನೇ ದಾನಿಗಳು ಮೊದಲು ಕತ್ತರಿಸುವುದು. ಇಷ್ಟರ ಮೇಲೆ ನೂರಕ್ಕೆ ಹತ್ತು ಪಾಲು ಎತ್ತಿಡಿ.

ಯಾವ ಬಿಲ್ಲಿನಲ್ಲೂ ಕಾಣದ ಕೊನೆಯ ತಾಸು ವಾಪಸ್ ಪ್ರಯಾಣದ್ದು. ಕತ್ತಲಾಗುವ ಮುನ್ನ ಊರು ಸೇರುವಂತೆ ಹೊರಡಿ, ತಲುಪಲು ಒಂದು ಗಂಟೆ ಇರುವಾಗ ಪ್ರತಿ ಮನೆಗೂ ಫೋನ್ ಮಾಡಿ. ರಾತ್ರಿಯೂಟವನ್ನು ಬಸ್ಸಿನಲ್ಲೇ ಮುಗಿಸಿ, ಮನೆಯಲ್ಲಿ ಅವತ್ತು ಒಲೆ ಹಚ್ಚಿರುತ್ತಾರೆಂದು ಹೇಳಲಾಗದು. ಬ್ಯಾಗು ಮತ್ತು ಶೂಗಳನ್ನು ವಾಪಸ್ ಕೇಳಬೇಡಿ.