ಸ್ವಾಲ್ಬಾರ್ಡ್‌ಗೋ, ಅಂಟಾರ್ಕ್ಟಿಕಾಕ್ಕೋ? ಎರಡೂ ಕಡೆ ಹಡಗು ಹತ್ತಿ ಬಂದವನ ಹೋಲಿಕೆ

ಮಾಗಡಿ ಕೆರೆಗೆ ಹಕ್ಕಿ ನೋಡಲು ಬರುವ ಹುಬ್ಬಳ್ಳಿ, ಗದಗದ ಗೆಳೆಯರು ಈಗೀಗ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಹಿಮ ನೋಡಬೇಕು, ಹಿಮದ ಪ್ರಾಣಿಗಳನ್ನು ನೋಡಬೇಕು. ಅಷ್ಟು ದುಡ್ಡು ಹಾಕುವುದು ಜೀವನದಲ್ಲಿ ಒಂದೇ ಸಲ. ಹಾಗಾದರೆ ಯಾವ ಕಡೆ ಹೋಗಬೇಕು? ಉತ್ತರಕ್ಕೆ ಹೋದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು. ದಕ್ಷಿಣಕ್ಕೆ ಹೋದರೆ ಅಂಟಾರ್ಕ್ಟಿಕ್ ಪೆನಿನ್ಸುಲಾ, ಅಂದರೆ ಆ ಖಂಡದಿಂದ ಸಮುದ್ರಕ್ಕೆ ಚಾಚಿದ ನೆಲ. ನಾನು ಉತ್ತರಕ್ಕೆ ಹಕ್ಕಿ ನೋಡುವ ಗೆಳೆಯನ ಜೊತೆ ಹೋದೆ. ದಕ್ಷಿಣಕ್ಕೆ ಹೆಂಡತಿ ಮತ್ತು ಗದಗಿನ ಕಾಕಾನ ಜೊತೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕೆರೆ ಏರಿಯ ಮೇಲೆ ತಾಸುಗಟ್ಟಲೆ ಕೂತು ಕಾಯುವ ಸ್ವಭಾವ ನಿಮ್ಮದಾದರೆ ಉತ್ತರಕ್ಕೆ ಹೋಗಿ. ಮನೆಮಂದಿಯನ್ನು ಕರೆದುಕೊಂಡು ಹೋಗುವುದಾದರೆ ದಕ್ಷಿಣಕ್ಕೆ.

ಸ್ವಾಲ್ಬಾರ್ಡ್ ಎಂದರೆ ಎಲ್ಲರಿಗೂ ಹಿಮಕರಡಿಯೇ. ಅದು ಕಾಣುತ್ತದೆ, ಆದರೆ ಫೋಟೊಗಳಲ್ಲಿ ನೋಡಿದಷ್ಟು ಹತ್ತಿರದಿಂದ ಅಲ್ಲ. 2025ರ ಜನವರಿಯಿಂದ ಅಲ್ಲಿ ನಿಯಮ ಬಿಗಿಯಾಗಿದೆ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ದಡಕ್ಕೆ ಇಳಿಯುವ ಮೊದಲು ಗೈಡ್‌ಗಳು ರೈಫಲ್ ಹಿಡಿದು ಇಳಿಯುತ್ತಾರೆ. ಸುತ್ತಲಿನ ದಿಬ್ಬಗಳನ್ನೆಲ್ಲ ಬೈನಾಕ್ಯುಲರ್‌ನಲ್ಲಿ ನೋಡುತ್ತಾರೆ. ಅನುಮಾನ ಬಂದರೆ ಇಳಿಯುವುದೇ ರದ್ದು. ನಮಗೂ ಒಮ್ಮೆ ಹಾಗೆ ಆಯಿತು. ಬೂಟು, ಜಾಕೆಟ್ ಎಲ್ಲ ಹಾಕಿಕೊಂಡು ನಿಂತವರು ವಾಪಸ್ ಕ್ಯಾಬಿನ್‌ಗೆ ಹೋದೆವು. ಕೆಲವರು ಗೊಣಗಿದರು. ನನಗೆ ಆ ನಿಯಮ ಇಷ್ಟವಾಯಿತು. ಮನುಷ್ಯನನ್ನು ನೋಡಲು ಬಂದ ಕರಡಿಗೆ ಕೊನೆಗೆ ಗುಂಡೇ ಗತಿಯಾಗಬಹುದು, ಅಲ್ವಾ? ದೂರ ಇರುವುದೇ ಅದಕ್ಕೆ ನಾವು ಮಾಡುವ ಉಪಕಾರ.

ನಾನು ಮೊದಲ ಸಲ ಸರಿಯಾಗಿ ಕರಡಿ ನೋಡಿದ್ದು ರಾತ್ರಿ ಎರಡರ ಸುಮಾರಿಗೆ. ಮೈಕ್‌ನಲ್ಲಿ ಮೆಲ್ಲಗೆ ದನಿ ಬಂತು. ಜುಲೈ ತಿಂಗಳು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅಲ್ಲಿ ಏಪ್ರಿಲ್ ಕೊನೆಯ ಹೊತ್ತಿನಿಂದ ಆಗಸ್ಟ್ ಕೊನೆಯ ಹೊತ್ತಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಡೆಕ್ ಮೇಲೆ ಯಾರೂ ಮಾತಾಡಲಿಲ್ಲ. ದೂರದ ಹಿಮದ ಹಾಸಿನ ಮೇಲೆ ಕೆನೆಬಣ್ಣದ ಒಂದು ಪ್ರಾಣಿ ಹೊಟ್ಟೆ ಹಚ್ಚಿ ಮಲಗಿತ್ತು. ಪಕ್ಕದಲ್ಲೇ ಸೀಲ್ ಉಸಿರಾಡಲು ಬರುವ ತೂತು. ಕರಡಿ ಅಲುಗಾಡಲಿಲ್ಲ. ಒಮ್ಮೆ ಮೂಗು ಎತ್ತಿ ನಮ್ಮ ಹಡಗಿನ ಕಡೆಯ ಗಾಳಿ ಮೂಸಿತು, ಮತ್ತೆ ಗದ್ದವನ್ನು ಹಿಮಕ್ಕೆ ಆನಿಸಿತು. ಅರ್ಧ ಜನ ಚಳಿ ತಾಳದೆ ಒಳಗೆ ಹೋದರು. ನಾವು ಅಲ್ಲೇ ನಿಂತೆವು. ಸೀಲ್ ಬರಲೇ ಇಲ್ಲ. ಕೊನೆಗೆ ಕರಡಿ ಎದ್ದು ಹಿಂಗಾಲಿನ ಕಡೆಯಿಂದ ನೀರಿಗೆ ಜಾರಿತು. ಈಜಿ ಇನ್ನೊಂದು ಹಾಸು ಹತ್ತಿ ಮೈ ಕೊಡವಿ, ನಡೆದುಕೊಂಡು ಹೋಯಿತು. ನೆಲದ ಮೇಲೆ ನಿಂತು ಅದು ಸೀಲ್ ಹಿಡಿಯುವುದು ಕಷ್ಟ. ಅದಕ್ಕೆ ಹಿಮದ ಹಾಸೇ ಬೇಕು. ಆ ಸಮುದ್ರದ ಹಿಮ ವರ್ಷದಿಂದ ವರ್ಷಕ್ಕೆ ಬೇಗ ಕರಗುತ್ತಿದೆ. ಇದನ್ನು ಎಷ್ಟೋ ಸಲ ಓದಿದ್ದೆ. ಆ ಒಂದು ರಾತ್ರಿಯ ಬೇಟೆ ನೋಡಿದ ಮೇಲೆ ಅದರ ಭಾರ ತಿಳಿಯಿತು.

ಕರಡಿ ಬಿಟ್ಟರೂ ಉತ್ತರದಲ್ಲಿ ನೋಡಲು ಬಹಳ ಇದೆ. ದಡದಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುವ ವಾಲ್ರಸ್‌ಗಳು, ಗಿಡ್ಡ ಕಾಲಿನ ಹಿಮಸಾರಂಗ, ನರಿ. ಆಲ್ಕೆಫ್ಯೆಲೆಟ್ ಎಂಬ ಕಡಿದಾದ ಬಂಡೆಯ ಸಂದುಸಂದಿನಲ್ಲಿ ಗಿಲ್ಲೆಮಾಟ್ ಹಕ್ಕಿಗಳು. ತಲೆಯ ಮೇಲಿನಿಂದ ಒಂದೇ ಸಮನೆ ಹಾರುತ್ತಿರುತ್ತವೆ, ಬೋಟಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಹಕ್ಕಿ ನೋಡುವವರಿಗೆ ಇನ್ನೊಂದು ಖುಷಿ ಕಾದಿರುತ್ತದೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ಜಗತ್ತಿನ ಮಹತ್ವದ ಜೌಗು ತಾಣಗಳಿಗೆ ಸಿಗುವ ರಾಮ್ಸಾರ್ ಪಟ್ಟವೂ ಬಂತು. ನಮಗೆ ಗೊತ್ತಿರುವುದು ಚಳಿಗಾಲದ ಹೆಬ್ಬಾತು ಮಾತ್ರ. ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬೈನ್ ಊರಿನಲ್ಲಿ ಬಾರ್ನಕಲ್ ಹೆಬ್ಬಾತುಗಳು ಮರಿ ಕಟ್ಟಿಕೊಂಡು ರಸ್ತೆ ದಾಟುತ್ತವೆ. ಅವು ಚಳಿಗಾಲಕ್ಕೆ ಸ್ಕಾಟ್ಲೆಂಡಿಗೆ ಹೋಗುತ್ತವೆ. ವಲಸೆಯ ಆ ಕಡೆಯ ತುದಿ ಹೇಗಿರುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದು ಅಲ್ಲೇ.

ದಕ್ಷಿಣದ ಕಥೆಯೇ ಬೇರೆ. ಅಲ್ಲಿ ಹುಡುಕುವುದಿಲ್ಲ, ಕಾಯುವುದಿಲ್ಲ. ದಡಕ್ಕೆ ಕಾಲಿಡುವ ಮೊದಲೇ ಪೆಂಗ್ವಿನ್‌ಗಳ ವಾಸನೆ ಮೂಗಿಗೆ ಹೊಡೆಯುತ್ತದೆ. ಕಾಕಾಗೆ ಮೊಣಕಾಲು ನೋವು. ಜೋಡಿಯಾಕ್ ಎನ್ನುವ ರಬ್ಬರ್ ಬೋಟಿಗೆ ಹತ್ತಿ ಇಳಿಯುವುದು ಅವರಿಂದ ಆದೀತೇ ಎಂದು ನಾವು ಹೆದರಿದ್ದೆವು. ಹಡಗಿನವರು ಮೊದಲ ದಿನವೇ ಕಲಿಸುತ್ತಾರೆ. ಬೆರಳು ಹಿಡಿಯಬಾರದು, ಒಬ್ಬರ ಮುಂಗೈಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿಯಬೇಕು. ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಹಾಗೆ ಹಿಡಿದು ಕಾಕಾನನ್ನು ಕ್ಯೂವರ್ವಿಲ್ ದ್ವೀಪದಲ್ಲಿ ಇಳಿಸಿದರು. ಜೆಂಟೂ ಪೆಂಗ್ವಿನ್ ಒಂದು ಅವರ ಬೂಟಿನ ಹತ್ತಿರವೇ ನಡೆದು ಹೋಯಿತು. "ಏನೋ ತಮ್ಮಾ, ಇವು ಮಂದೀನ ನೋಡಿ ಅಂಜೂದೇ ಇಲ್ಲಲ್ಲೋ!" ಎಂದು ಅವರು ಮಗುವಿನ ಹಾಗೆ ನಕ್ಕರು. ನಾವು 5 ಮೀಟರ್ ದೂರ ಇರಬೇಕು ಎಂಬ ನಿಯಮ ಇದೆ. ಆದರೆ ಅದು ಪೆಂಗ್ವಿನ್‌ಗೆ ಗೊತ್ತಿಲ್ಲ. ಅವು ಓಡಾಡಿ ಹಿಮದಲ್ಲಿ ದಾರಿ ಸವೆದಿರುತ್ತದೆ. ಆ ದಾರಿಯಲ್ಲಿ ಅವು ಬಂದರೆ ನಾವು ನಿಂತು ಜಾಗ ಬಿಡಬೇಕು.

ಜೆಂಟೂ ಗೂಡು ಎಂದರೆ ಸಣ್ಣ ಕಲ್ಲುಗಳ ಗುಂಪು. ಹಿಮ ಕರಗಿದ ನೀರು ಮೊಟ್ಟೆಗೆ ತಾಗಬಾರದು ಎಂದು ಕಲ್ಲು ಪೇರಿಸುತ್ತವೆ. ನನ್ನ ಹೆಂಡತಿ ಒಂದೇ ಗೂಡನ್ನು ನೋಡುತ್ತ ಬಹಳ ಹೊತ್ತು ನಿಂತಳು. ಗಂಡು ಹೋಗಿ ಒಂದು ಕಲ್ಲು ತಂದು ಹೆಣ್ಣಿನ ಮುಂದೆ ಇಟ್ಟಿತು. ಅದು ಆ ಕಡೆ ತಿರುಗಿದಾಗ ಪಕ್ಕದ ಗೂಡಿನ ಪೆಂಗ್ವಿನ್ ಕತ್ತು ಚಾಚಿ ಅದೇ ಕಲ್ಲನ್ನು ಎತ್ತಿಕೊಂಡಿತು. ಯಜಮಾನ ಇನ್ನೊಂದು ಕಲ್ಲು ತರಲು ಮತ್ತೆ ದಡದ ಕಡೆ ಇಳಿದು ಹೋಯಿತು. ಇದನ್ನು ನೋಡಲು ಬೈನಾಕ್ಯುಲರ್ ಬೇಡ, ಫೋನ್ ಕ್ಯಾಮೆರಾ ಸಾಕು. ಉತ್ತರದಲ್ಲಿ ದೊಡ್ಡ ಲೆನ್ಸ್ ಇಲ್ಲದಿದ್ದರೆ ಕರಡಿ ಬರೀ ಚುಕ್ಕಿ.

ಒಂದು ಎಚ್ಚರಿಕೆ. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ನೆಲದಲ್ಲೂ ಹಕ್ಕಿಜ್ವರ ಇರುವುದು ಖಚಿತವಾಯಿತು. ಹಾಗಾಗಿ ದಡದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಚೀಲ ಕೆಳಗೆ ಇಡುವಂತಿಲ್ಲ. ನಿಲ್ಲಲು ಕಷ್ಟಪಡುವ ಹಿರಿಯರು ಇದನ್ನು ತಿಳಿದುಕೊಂಡೇ ಹೊರಡಬೇಕು. ಇಳಿಯುವ ಮೊದಲು ಬಟ್ಟೆಯ ತಪಾಸಣೆಯೂ ಜೋರು. ನನ್ನ ಕ್ಯಾಮೆರಾ ಚೀಲದ ವೆಲ್ಕ್ರೊದಲ್ಲಿ ಉತ್ರಾಣಿ ಬೀಜ ಸಿಕ್ಕಿಕೊಂಡಿತ್ತು. ನಮ್ಮ ಹೊಲದ ಬದುವಿನದು. ಗೈಡ್ ಹುಡುಗಿ ಚಿಮಟ ಹಿಡಿದು ಒಂದೊಂದನ್ನೇ ಕಿತ್ತು ತೆಗೆದಳು. ಅಷ್ಟು ದೂರದ ನೆಲಕ್ಕೆ ನಮ್ಮ ಕಳೆ ಹೋಗಬಾರದು ಎಂಬ ಆ ಕಾಳಜಿ ನನಗೆ ತುಂಬ ದೊಡ್ಡದಾಗಿ ಕಂಡಿತು.

ಹಿಮದ ವಿಷಯದಲ್ಲಿ ನನ್ನ ಮತ ದಕ್ಷಿಣಕ್ಕೇ. ಉತ್ತರದಲ್ಲಿ ಇರುವುದು ಸಮುದ್ರ, ಅದರ ಮೇಲೆ ತೇಲುವ ಹಿಮ. ದ್ವೀಪಗಳಲ್ಲಿ ಹಿಮನದಿಗಳು. ಮೊನಾಕೊ ಹಿಮನದಿಯ ಮುಂದೆ ನಿಂತಾಗ ಸಾಕಷ್ಟು ದೊಡ್ಡದೇ ಅನಿಸಿತ್ತು. ದಕ್ಷಿಣದಲ್ಲಿ ಒಂದು ಖಂಡವೇ ಹಿಮದ ಕೆಳಗಿದೆ. ಜಗತ್ತಿನ ಹಿಮದಲ್ಲಿ ಸುಮಾರು ನೂರಕ್ಕೆ 90 ಪಾಲು ಅಲ್ಲೇ ಇದೆ. ಮೇಜಿನ ಹಾಗೆ ಮೇಲ್ಭಾಗ ಸಪಾಟಾಗಿರುವ ಐಸ್‌ಬರ್ಗ್‌ಗಳ ಪಕ್ಕ ಹಡಗು ಸಾಗುವಾಗ ಅವು ಮುಗಿಯುವುದೇ ಇಲ್ಲ. ಲೆಮೇರ್ ಕಾಲುವೆಯಲ್ಲಿ ಎರಡೂ ಕಡೆ ನೇರ ಬೆಟ್ಟ, ನಡುವೆ ನಾವು. ಕಿವಿಗೆ ಮಾತ್ರ ಎರಡೂ ಕಡೆಯ ಹಿಮ ಒಂದೇ. ಬೋಟಿನ ಎಂಜಿನ್ ನಿಲ್ಲಿಸಿದರೆ ನೀರಿನಲ್ಲಿರುವ ಹಿಮದ ಚೂರುಗಳು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತವೆ. ಒಳಗೆ ಒತ್ತಿ ಹಿಡಿದಿಟ್ಟ ಹಳೆಯ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು ಅದು. ಎಂಜಿನ್ ನಿಲ್ಲಿಸದಿದ್ದರೆ ನೀವೇ ಕೇಳಿ ನಿಲ್ಲಿಸಿ.

ದಾರಿಯ ಕಷ್ಟದಲ್ಲಿ ಉತ್ತರವೇ ಗೆದ್ದಿತು. ಹುಬ್ಬಳ್ಳಿಯಿಂದ ಮುಂಬೈ, ಯುರೋಪಿನ ಒಂದು ಊರು, ಓಸ್ಲೊ, ಅಲ್ಲಿಂದ ಸುಮಾರು ಮೂರು ತಾಸು ಹಾರಿದರೆ ಲಾಂಗ್‌ಇಯರ್‌ಬೈನ್. ಊರ ಧಕ್ಕೆಯಲ್ಲೇ ಹಡಗು. ಸಮುದ್ರ ಬಹುಪಾಲು ಕೊಲ್ಲಿಗಳ ಒಳಗೆ, ಅಲೆ ಕಡಿಮೆ. ಅಂಟಾರ್ಕ್ಟಿಕಾಕ್ಕೆ ಬ್ರೆಜಿಲ್ ಕಡೆಯಿಂದ ಬ್ಯೂನಸ್ ಐರಿಸ್‌ಗೆ ಹೋಗಿ, ಮತ್ತೆ ಅರ್ಜೆಂಟೀನಾದ ತುದಿಯ ಉಶುವಾಯಾಕ್ಕೆ ಹೋಗಬೇಕು. ಆಮೇಲೆ ಡ್ರೇಕ್ ಜಲಸಂಧಿ. ಸುಮಾರು 800 ಕಿ.ಮೀ. ಅಗಲ, ಹೋಗಲು ಎರಡು ದಿನ, ಬರಲು ಎರಡು ದಿನ. ಆ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಎಲ್ಲೂ ನೆಲ ಅಡ್ಡ ಬರುವುದಿಲ್ಲ. ಗಾಳಿಗೂ ಅಲೆಗೂ ತಡೆಯೇ ಇಲ್ಲ. ಹೆಂಡತಿ ಹೋಗುವಾಗ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಕಾ ಆರಾಮಾಗಿ ಚಹಾ ಕುಡಿಯುತ್ತ ಆಲ್ಬಟ್ರಾಸ್ ಎಂಬ ಕಡಲ ಹಕ್ಕಿ ನೋಡಿದರು. ಯಾರಿಗೆ ಹೇಗೆ ಅಂತ ಮೊದಲೇ ಹೇಳಲಾಗದು. ವಾಂತಿ ಶುರುವಾದ ಮೇಲೆ ಮಾತ್ರೆ ಕೆಲಸ ಮಾಡುವುದಿಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ. ಚಿಲಿಯ ಪುಂಟಾ ಅರೆನಾಸ್‌ನಿಂದ ವಿಮಾನದಲ್ಲಿ ಎರಡೇ ತಾಸಿಗೆ ಕಿಂಗ್ ಜಾರ್ಜ್ ದ್ವೀಪ ಮುಟ್ಟಿ ಅಲ್ಲಿಂದ ಹಡಗು ಹತ್ತುವ ದಾರಿಯೂ ಇದೆ. ಅದು ಜಾಸ್ತಿ ದುಬಾರಿ, ಹವಾಮಾನ ಕೆಟ್ಟರೆ ವಿಮಾನ ಹೊರಡುವುದಿಲ್ಲ.

ಕಾಗದಪತ್ರದ ಒಂದೆರಡು ಮಾತು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಎಂದು ಕೇಳಿರುತ್ತೀರಿ. ಅದು ನಿಜ, ಆದರೆ ಓಸ್ಲೊ ದಾಟಲು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ, ಬೇಕೇ ಬೇಕು. ಸ್ವಾಲ್ಬಾರ್ಡ್ ಶೆಂಗೆನ್ ಒಳಗಿಲ್ಲ. ಹಾಗಾಗಿ ಹೊರಗೆ ಹೋಗಿ ಮತ್ತೆ ಒಳಬರುವುದಕ್ಕೆ ಎರಡು ಪ್ರವೇಶದ ವೀಸಾವನ್ನೇ ಕೇಳಿ. ದಕ್ಷಿಣಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಮರೆಯಬಾರದು. ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ ನೇರ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಅದು ಊರ್ಜಿತ.

ಭಾರತದ ಗುರುತು ನೋಡುವ ಆಸೆಯಿದ್ದರೆ ಉತ್ತರಕ್ಕೆ ಹೋಗಿ. ಕೆಲವು ಹಡಗುಗಳು ನೈ ಓಲೆಸುಂಡ್ ಹಳ್ಳಿಯಲ್ಲಿ ನಿಲ್ಲುತ್ತವೆ. 2008ರಲ್ಲಿ ಶುರುವಾದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ ಅಲ್ಲಿದೆ. ಫೋನ್‌ಗಳನ್ನೆಲ್ಲ ಫ್ಲೈಟ್ ಮೋಡ್‌ಗೆ ಹಾಕಿ ಹಳ್ಳಿಯೊಳಗೆ ನಡೆಯಬೇಕು, ಅಲ್ಲಿನ ಉಪಕರಣಗಳಿಗೆ ಅಡ್ಡಿಯಾಗುತ್ತದೆ. ದಕ್ಷಿಣದ ನಮ್ಮ ಮೈತ್ರಿ ಮತ್ತು ಭಾರತಿ ಕೇಂದ್ರಗಳು ಖಂಡದ ಪೂರ್ವ ಭಾಗದಲ್ಲಿವೆ. ಪ್ರವಾಸಿ ಹಡಗು ಹೋಗುವ ಪೆನಿನ್ಸುಲಾದಿಂದ ಬಹಳ ದೂರ. ಲಾಂಗ್‌ಇಯರ್‌ಬೈನ್‌ನ ಗುಡ್ಡದಲ್ಲಿ ಜಗತ್ತಿನ ಬೀಜ ಕಾಪಿಡುವ ಕಣಜ ಇದೆ. ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಳಿಸಿದ ಜೋಳ, ಕಡಲೆ, ಶೇಂಗಾ ಬೀಜ ಅಲ್ಲಿವೆ. ಒಳಗೆ ಬಿಡುವುದಿಲ್ಲ. ಬಾಗಿಲು ನೋಡಿಯೇ ನನ್ನ ಎದೆ ತುಂಬಿ ಬಂತು.

ಊಟದಲ್ಲಿ ಸಸ್ಯಾಹಾರಿಗಳಿಗೆ ಎರಡೂ ಕಡೆ ತೊಂದರೆಯಿಲ್ಲ, ಮೊದಲೇ ಬರೆದು ತಿಳಿಸಿದರೆ. ಆದರೆ ಬೇಯಿಸಿದ ತರಕಾರಿ ತಿಂದು ತಿಂದು ನಾಲಿಗೆ ಸಪ್ಪಗಾಗುತ್ತದೆ. ಸ್ವಾಲ್ಬಾರ್ಡ್ ಹಡಗಿನಲ್ಲಿ ನಮ್ಮನ್ನು ಕಾದಿದ್ದು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಧಾರವಾಡ ಪೇಡಾ ಮಾತ್ರ ಒಯ್ಯಬೇಡಿ. ನಾರ್ವೆ ಹೊರಗಿನಿಂದ ಹಾಲಿನ ಪದಾರ್ಥ ಬಿಡುವುದಿಲ್ಲ. ಚಳಿ ಎರಡೂ ಕಡೆ ಹೆದರಿದಷ್ಟು ಇಲ್ಲ, ಬೇಸಿಗೆಯಲ್ಲಿ ಸೊನ್ನೆಯ ಆಸುಪಾಸು. ಬೋಟಿನಲ್ಲಿ ಬೀಸುವ ಗಾಳಿಯೇ ಕೊರೆಯುತ್ತದೆ. ಬೂಟು ಹಡಗಿನವರೇ ಕೊಡುತ್ತಾರೆ. ನೀರು ಒಳಬಿಡದ ಪ್ಯಾಂಟ್ ನೀವೇ ಒಳ್ಳೆಯದು ನೋಡಿ ಕೊಳ್ಳಿ.

ಖರ್ಚಿನಲ್ಲಿ ಅಂಟಾರ್ಕ್ಟಿಕಾ ಭಾರಿ. ಹಡಗಿನ ಟಿಕೆಟ್ಟೇ ಒಬ್ಬರಿಗೆ ಐದಾರು ಲಕ್ಷದ ಮೇಲೆ, ವಿಮಾನ ಬೇರೆ, ತುರ್ತು ಸಾಗಣೆಯ ವಿಮೆ ಬೇರೆ. ಸ್ವಾಲ್ಬಾರ್ಡ್‌ಗೆ ಸಣ್ಣ ಪ್ರವಾಸ ಆರಿಸಿದರೆ ಕಡಿಮೆಯಲ್ಲಿ ಆಗುತ್ತದೆ. ಆದರೆ ದುಡ್ಡು ಉಳಿಸಲು ದೊಡ್ಡ ಹಡಗು ಹತ್ತಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನರಿಗೆ ಮಾತ್ರ ಇಳಿಯಲು ಅವಕಾಶ. 500ಕ್ಕಿಂತ ಜಾಸ್ತಿ ಪ್ರವಾಸಿಗರಿರುವ ಹಡಗಿನವರು ಇಳಿಯುವಂತೆಯೇ ಇಲ್ಲ, ಡೆಕ್ ಮೇಲಿನಿಂದ ನೋಡಿ ವಾಪಸ್. ನಮ್ಮ ದಕ್ಷಿಣದ ಹಡಗಿನಲ್ಲಿ ನೂರಕ್ಕಿಂತ ಜಾಸ್ತಿ ಜನ ಇದ್ದುದರಿಂದ ಪಾಳಿ ಹಚ್ಚಬೇಕಾಯಿತು. ಒಂದು ಗುಂಪು ದಡದಲ್ಲಿದ್ದಾಗ ಇನ್ನೊಂದು ಬೋಟಿನಲ್ಲಿ ಸುತ್ತಬೇಕು. ಸ್ವಾಲ್ಬಾರ್ಡ್‌ನ ಸಂರಕ್ಷಿತ ಪ್ರದೇಶಕ್ಕೆ ಈಗ 200ಕ್ಕಿಂತ ಜಾಸ್ತಿ ಪ್ರವಾಸಿಗರ ಹಡಗನ್ನೇ ಬಿಡುವುದಿಲ್ಲ. ಅಲ್ಲಿ ನಮ್ಮದು ಚಿಕ್ಕ ಹಡಗು. ಎಲ್ಲರೂ ಒಟ್ಟಿಗೆ ಇಳಿದೆವು, ಗೈಡ್ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಆ ಸುಖವೇ ಬೇರೆ.

ಬುಕ್ ಮಾಡುವ ಮೊದಲು ಏಜೆಂಟರನ್ನು ಕೇಳಬೇಕಾದ್ದು ಇಷ್ಟು: ಹಡಗಿನಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಸಲ ಇಳಿಸುತ್ತೀರಿ, ಗೈಡ್‌ಗಳು ಎಷ್ಟು. ತಿಂಗಳ ವಿಷಯಕ್ಕೆ ಬಂದರೆ, ದಕ್ಷಿಣದಲ್ಲಿ ನವೆಂಬರ್‌ನಲ್ಲಿ ಹಿಮ ಶುಭ್ರ, ಜನವರಿಯಲ್ಲಿ ಪೆಂಗ್ವಿನ್ ಮರಿಗಳು, ಫೆಬ್ರವರಿಯಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳು ಜಾಸ್ತಿ. ಉತ್ತರದಲ್ಲಿ ಜೂನ್‌ಗೆ ಸಮುದ್ರದ ಹಿಮ ಹೆಚ್ಚು, ಆದರೆ ಕರಡಿಗೆ ಅರ್ಧ ಕಿಲೋಮೀಟರ್ ದೂರ. ಜುಲೈ ಬಂದರೆ ಆ ದೂರ ಕಡಿಮೆಯಾಗುತ್ತದೆ, ಹಡಗು ಓಡಾಡುವ ಜಾಗವೂ ಹೆಚ್ಚುತ್ತದೆ. ನನ್ನನ್ನು ಕೇಳಿದರೆ ಉತ್ತರಕ್ಕೆ ಜುಲೈ, ದಕ್ಷಿಣಕ್ಕೆ ಜನವರಿ.